ತೂತಿನೊಳಗಿನ ವಿಭೂತಿ

"ಬೇಡಿ ತಗಿ," ಎಂದಳು ಎಸ್ಸೈ ದಿಲಶಾದಬಿ.

ಹವಾಲ್ದಾರ ಮುದಕಪ್ಪ ಕಿಸೆಯಲ್ಲಿ ಕೈ ಹಾಕಿ, ಕೀಲಿ ಸಿಕ್ಕರೂ ಸಿಗದವನಂತೆ ತಡಕಾಡಿದ. "ದೊಡ್ಡ ಸಾಹೇಬ್ರು ತಗೀಬ್ಯಾಡ ಅಂದಾರ್ರಿ ಮೇಡಂ."

"ಕೈ ಕಟ್ಟಿಕೊಂಡು ಕೆಲಸ ಮಾಡಾಕ ಅವ ನಮ್ಮಂಗ ಸರ್ಕಾರಿ ನೌಕರ ಅಲ್ಲೋ. ತಗಿ."

ಬೇಡಿ ಕಳಚಿತು. ಜಾವೀದ ಮಣಿಕಟ್ಟು ಉಜ್ಜಿಕೊಳ್ಳಲೂ ಹೆದರಿ, ಎರಡೂ ಕೈ ಹಾಗೆಯೇ ಜೋಡಿಸಿಕೊಂಡು ನಿಂತ. ಬೆಟಗೇರಿಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟವನು. ಅರ್ಧ ಊರಿನ ಆಫೀಸುಗಳ ವೈರುಗಳು ಅವನ ಕೈಮೇಲೆ ಹಾದುಹೋಗಿದ್ದವು. ನಿನ್ನೆಯಿಂದ ಆ ಕೈಮೇಲೆ ಹಾದದ್ದು ಕಬ್ಬಿಣ ಒಂದೇ.

ಅವರು ನಿಂತಿದ್ದ ಕೋಣೆ ಮೊದಲು ಅಡುಗೆಮನೆಯಾಗಿತ್ತು. 'ನೆರಳು' ಮಹಿಳಾ ಆಶ್ರಯ ಸಂಸ್ಥೆ ಈ ಮನೆ ಹಿಡಿದಮೇಲೆ ಅದಕ್ಕೆ ಬಡ್ತಿ ಸಿಕ್ಕು ಸರ್ವರ್ ರೂಮು ಆಗಿತ್ತು. ಒಲೆಯ ಕಟ್ಟೆಯ ಮೇಲೆ ಈಗ ಬ್ಯಾಟರಿಗಳು, ಪಾತ್ರೆಯ ಗೂಡಿನಲ್ಲಿ ಮಾಡೆಮ್ಮು, ಮೂಲೆಯಲ್ಲಿ ಕೀಲಿ ಹಾಕಿದ ಕಬ್ಬಿಣದ ಕಪಾಟು. ಬಡ್ತಿ ಸಿಗದೆ ಉಳಿದದ್ದು ಸೆಕೆ.

ಬೀಜದ ಗೋದಾಮಿಗೆ ಬೆಂಕಿ ಬಿದ್ದು, ಹೊರಗಿನಿಂದ ಕೀಲಿ ಜಡಿದ ಬಾಗಿಲ ಹಿಂದೆ ಕೂಲಿ ಹೆಣ್ಣುಮಕ್ಕಳು ಸುಟ್ಟುಹೋದ ಆ ಮೊಕದ್ದಮೆಗೆ ಉಳಿದಿದ್ದ ಸಾಕ್ಷಿಗಳು ಇಬ್ಬರು. ಮುಂಡರಗಿಯಲ್ಲಿ ಅಡಗಿಸಿಟ್ಟಿದ್ದ ಸಬೀನಾ ನಿನ್ನೆ ಕಲ್ಲಿನ ಕ್ವಾರಿಯ ನೀರಿನಲ್ಲಿ ತೇಲಿದ್ದಳು. ಲಕ್ಷ್ಮೇಶ್ವರದಲ್ಲಿ ಅಡಗಿಸಿಟ್ಟ ಸುಶ್ಮಿತಾ ಇನ್ನೂ ಬದುಕಿದ್ದಳು. ಬಾಗಿಲು ಹಾಕಿದವನು ಗೋದಾಮಿನ ಮಾಲೀಕನ ಮಗ ಎಂದು ಸೋಮವಾರ ಗದಗದ ಕೋರ್ಟಿನಲ್ಲಿ ಅವಳು ಬಾಯಿ ತೆರೆಯಬೇಕಿತ್ತು. ಇವತ್ತು ಶನಿವಾರ.

ಇಬ್ಬರ ವಿಳಾಸವೂ ಇದ್ದದ್ದು ಈ ಆಫೀಸಿನ ಕಂಪ್ಯೂಟರಿನಲ್ಲಿ. ಆ ಕಂಪ್ಯೂಟರಿಗೂ ಹೊರಗಿನ ಜಗತ್ತಿಗೂ ನಡುವೆ ಕಾವಲಿಗೆ ಒಂದು ಫೈರ್‌ವಾಲ್ ಇತ್ತು. ಬೆಂಕಿಯಿಂದ ಪಾರಾಗಿ ಬಂದವರನ್ನು ಕಾಯಲು ಬೆಂಕಿಗೋಡೆ. ಬುಧವಾರ ಜಾವೀದ ಅದಕ್ಕೆ ಹೊಸ ಅಪ್‌ಡೇಟ್ ಹಾಕಿದ, ಶುಕ್ರವಾರ ಹೆಣ ಸಿಕ್ಕಿತು. ಯಾರೋ ಹೊರಗಿನವರು ಕಂಪ್ಯೂಟರಿನೊಳಗೆ ಹೊಕ್ಕು ಹೋಗಿದ್ದರು, ಗೋಡೆ ಚಕಾರ ಎತ್ತಿರಲಿಲ್ಲ.

ಅಪ್‌ಡೇಟ್ ಎಂಬುದು ಈ ಕಾಲದ ಶನಿ. ಮೊದಲು ಏನು ಕೆಟ್ಟರೂ ಗ್ರಹಚಾರ ಎನ್ನುತ್ತಿದ್ದರು, ಈಗ ಅಪ್‌ಡೇಟ್ ಎನ್ನುತ್ತಾರೆ. ಗ್ರಹಕ್ಕಾದರೆ ಶಾಂತಿ ಮಾಡಿಸಬಹುದಿತ್ತು. ಇದರ ಪುರೋಹಿತರು ಬೆಂಗಳೂರಿನಲ್ಲಿದ್ದು, ಫೋನು ಎತ್ತಿದರೆ ಹಾಡು ಕೇಳಿಸುತ್ತಾರೆ. ಪೆಟ್ಟಿಗೆ ಮಾರಿದ ಕಂಪನಿಯವರು ಮೂರು ಹಾಡು ಆದಮೇಲೆ ಸಿಕ್ಕು, "ಹೌದು, ಈ ಅಪ್‌ಡೇಟಿನಿಂದ ಕೆಲವು ಕಡೆ ತೊಂದರೆ ಆಗಿದೆ" ಎಂದಿದ್ದರು. ದೊಡ್ಡ ಸಾಹೇಬರಿಗೆ ಅಷ್ಟು ಸಾಕಾಗಿತ್ತು. ಪತ್ರಿಕೆಯವರಿಗೆ ಅದಕ್ಕಿಂತ ಕಡಿಮೆ ಸಾಕಾಗಿತ್ತು.

ದಿಲಶಾದಬಿಗೆ ಸಾಕಾಗಿರಲಿಲ್ಲ. ತಪ್ಪು ಮಷೀನಿನದಾದರೆ ಮಷೀನು ಮುಚ್ಚಿದರಾಯಿತು. ಸುಶ್ಮಿತಾಳನ್ನು ನಿನ್ನೆಯೇ ಲಕ್ಷ್ಮೇಶ್ವರದಲ್ಲಿ ಬೇರೆ ಮನೆಗೆ ಸೇರಿಸಿಯಾಗಿತ್ತು. ಆ ಮನೆಯ ವಿಳಾಸ ಯಾವ ಕಂಪ್ಯೂಟರಿನಲ್ಲೂ ಇರಲಿಲ್ಲ. ಆದರೆ ತಪ್ಪು ಮನುಷ್ಯರದಾದರೆ ಸುಶ್ಮಿತಾಳಿಗೆ ಈ ಜಿಲ್ಲೆಯಲ್ಲಿ ಬೇರೆ ಮನೆ ಎಂಬುದೇ ಇಲ್ಲ.

"ನೋಡು," ಎಂದಳು ಜಾವೀದನಿಗೆ. "ಏನಾಗೇತಿ ಅಂತ ನಂಗ ತಿಳಿಯುವಂಗ ಹೇಳು."

ಅವನು ಲ್ಯಾಪ್‌ಟಾಪ್ ತೆರೆದು, ಆಫೀಸಿನ ನೆಟ್‌ವರ್ಕಿನಿಂದಲೇ ಪೆಟ್ಟಿಗೆಯೊಳಗೆ ಹೊಕ್ಕ. ಪರದೆಯ ಮೇಲೆ ಹಸಿರು ಗುರುತುಗಳು ಸಾಲಾಗಿ ನಿಂತವು.

"ಆಪಾ, ಎಲ್ಲಾ ಬರೋಬ್ಬರಿ ಐತಿ..."

"ಇಲ್ಲೆ ಆಪಾ ಯಾರೂ ಇಲ್ಲ. ಮೇಡಂ ಅನ್ನು."

ಮುದಕಪ್ಪ ಕಿಟಕಿಯ ಕಡೆ ನೋಡಿದ. ಒಂದೇ ಕೋಮಿನ ಇಬ್ಬರ ನಡುವಿನ ಅಕ್ಕ ತಮ್ಮ ಎಂಬ ಮಾತು ಠಾಣೆಗೆ ಮುಟ್ಟಿದರೆ ಯಾವ ಬಣ್ಣ ತಳೆಯುತ್ತದೆ ಎಂಬುದು ಮೂವರಿಗೂ ಗೊತ್ತಿತ್ತು.

"ಮೇಡಂ, ಅಪ್‌ಡೇಟ್ ಕುಂತೈತಿ. ರೂಲ್ಸ್ ಎಲ್ಲಾ ಹಂಗ ಅದಾವು. ಒಂದೂ ಅಳಿಸಿಲ್ರಿ." ಅವನ ದನಿಯಲ್ಲಿ ಸಂತೋಷಕ್ಕಿಂತ ಗಾಬರಿಯೇ ಹೆಚ್ಚಿತ್ತು. "ಕಂಪನಿಯವ್ರು ಹೇಳಿದ ತೊಂದರಿ ಇದಕ್ಕ ಬಂದಿಲ್ಲ."

"ಮತ್ತ್ಯಾಕ ಯಾರನ್ನೂ ತಡೀಲಿಲ್ಲ?"

"ಅದನ್ನ ನೋಡಾಕತ್ತೀನ್ರಿ." ಅವನ ಬೆರಳು ಒಂದು ಸೊನ್ನೆಯ ಮೇಲೆ ನಿಂತಿತು. "ಹೊರಗಿನ ಇಂಟರ್ನೆಟ್ ಮೊದಲ ಇದರ ಬಾಯಾಗ ಬರಬೇಕ್ರಿ. ಇದು ಸೋಸಿ ಒಳಗ ಬಿಡತೈತಿ."

"ಚಾದ ಸೋಸಣಿಗಿ ಇದ್ದಂಗ," ಎಂದ ಮುದಕಪ್ಪ.

"ಹೌದ್ರಿ. ಆದ್ರ ಬುಧವಾರದಿಂದ ಇದರ ಬಾಯಾಗ ಒಂದು ಹನೀನೂ ಬಿದ್ದಿಲ್ಲ. ಅಲ್ಲೆ ಹೊರಗ ಕಂಪ್ಯೂಟರಿನ್ಯಾಗ ನೆಟ್ ಮಾತ್ರ ಭರ್ಜರಿ ನಡದೈತಿ."

"ಬುಧವಾರಕ್ಕಿಂತ ಮೊದಲ?"

"ಅಪ್‌ಡೇಟ್ ಆದಕೂಡ್ಲೆ ಎಣಿಕಿ ಮತ್ತ ಸೊನ್ನಿಯಿಂದ ಸುರು ಆಗತೈತ್ರಿ. ಹಿಂದಿಂದು ಇದಕ್ಕ ನೆನಪಿಲ್ಲ."

ಮೊಕದ್ದಮೆಯ ಅರ್ಧ ಸಾಕ್ಷಿಗಳ ಹಾಗೆ, ಎಂದುಕೊಂಡಳು ದಿಲಶಾದಬಿ.

ಕಪಾಟಿನ ಕೀಲಿಯನ್ನು ಅವಳು ಬರುವಾಗಲೇ ಅಧೀಕ್ಷಕಿ ಸಿದ್ದಲಿಂಗವ್ವನ ಸೊಂಟದ ಗೊಂಚಲಿನಿಂದ ಇಸಿದುಕೊಂಡಿದ್ದಳು. ಬಾಗಿಲು ಕಿರ್ ಎಂದು ತೆರೆಯಿತು. ಒಳಗೆ ಮೇಲಿನ ಅರೆಯಲ್ಲಿ ಫೈರ್‌ವಾಲ್ ಪೆಟ್ಟಿಗೆ ಕುಳಿತಿತ್ತು. ಮೋರೆಯುದ್ದಕ್ಕೂ ವೈರು ಚುಚ್ಚುವ ತೂತುಗಳು, ಅವುಗಳ ಮೇಲೆ ಹಾಯ್ದುಹೋದ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ. ದೀಪ ಪಿಳಿಪಿಳಿ ಎನ್ನುತ್ತಿತ್ತು. ಮಠದ ಸ್ವಾಮಿಗಳಷ್ಟು ಲಕ್ಷಣವಾಗಿತ್ತು, ಕೆಲಸವೂ ಅಷ್ಟೇ.

ಜಾವೀದ ಒಂದು ಹಳದಿ ವೈರನ್ನು ಮಾಡೆಮ್ಮಿನಿಂದ ಬೆರಳಲ್ಲಿ ಹಿಡಿದುಕೊಂಡು ಬಂದ. ಅದು ಕಪಾಟಿನ ಹಿಂದಿನಿಂದ ಒಳಗೆ ಬಂದು, ಮೇಲಿನ ಪೆಟ್ಟಿಗೆಯನ್ನು ಬಿಟ್ಟು, ಕೆಳಗಿನ ಅರೆಯಲ್ಲಿದ್ದ ಇನ್ನೊಂದು ಚಿಕ್ಕ ಪೆಟ್ಟಿಗೆಗೆ ಚುಚ್ಚಿಕೊಂಡಿತ್ತು. ಎಲ್ಲ ಕಂಪ್ಯೂಟರುಗಳಿಗೂ ನೆಟ್ ಹಂಚುವ ಪೆಟ್ಟಿಗೆ ಅದು.

ಅವನು ಕಪಾಟಿನ ಮುಂದೆ ನೆಲಕ್ಕೆ ಕೂತ.

"ಯಾರೋ ವೈರ್ ಕಿತ್ತು ಸೀದಾ ಒಳಗ ಕೊಟ್ಟಾರ್ರಿ. ಫೈರ್‌ವಾಲ್ ಕೆಟ್ಟಿಲ್ಲ. ಅದರ ಮುಂದ ಯಾರೂ ಹಾದ ಹೋಗೇ ಇಲ್ಲ."

"ಅಂದ್ರ ವಾಚಮನ್ ಮುಂದಿನ ಬಾಗಲದಾಗ ಕುಂತಾನ," ಎಂದ ಮುದಕಪ್ಪ, "ಬರೋರು ಹಿತ್ತಲ ಬಾಗಲದಿಂದ ಬಂದ ಹೋಗ್ಯಾರ."

"ನೀ ಬುಧವಾರ ಇದನ್ನ ನೋಡಲಿಲ್ಲ?" ಎಂದಳು ದಿಲಶಾದಬಿ.

"ಕಪಾಟಿಗೆ ಕೀಲಿ ಇತ್ತು ಮೇಡಂ. ಸಿದ್ದಲಿಂಗವ್ವ ಅಕ್ಕಾರು ಶಿರಹಟ್ಟಿಗೆ ಹೋಗಿದ್ರು. ನಾ ಹೊರಗ ಕುಂತ ಅಪ್‌ಡೇಟ್ ಹಾಕಿದೆ. ದೀಪ ಹಸರು ಬಂತು, ಚಾ ಕೊಟ್ಟರು, ಕುಡದೆ, ಹೋದೆ." ಅವನು ತಲೆ ಎತ್ತಲಿಲ್ಲ. "ಒಂದು ಸಲ ಕೀಲಿ ತಗಸಿ ನೋಡಬೇಕಿತ್ತು. ಸಬೀನಾ ಇರತಿದ್ಲು."

ದಿಲಶಾದಬಿ ಮತ್ತೆ ಕಪಾಟಿನ ಕಡೆ ತಿರುಗಿದಳು.

"ಆತು ಬಿಡ್ರಿ, ಈಗ ಇದನ್ನ ಇದರ ಜಾಗಾಕ್ಕ ಹಾಕೂಣು," ಎಂದು ಮುದಕಪ್ಪ ಹಳದಿ ವೈರಿಗೆ ಕೈ ಚಾಚಿದ.

"ಮುಟ್ಟಬ್ಯಾಡ."

ಅವಳು ಮೊಬೈಲಿನ ದೀಪ ಹಚ್ಚಿ ಪೆಟ್ಟಿಗೆಯ ಮೋರೆಗೆ ಮೋರೆ ಹಚ್ಚಿದಳು. ಹಳದಿ ವೈರು ಇರಬೇಕಾಗಿದ್ದ ತೂತು ಖಾಲಿ ಇತ್ತು. ಖಾಲಿ ಎಂದರೆ ಪೂರ್ತಿ ಖಾಲಿ ಅಲ್ಲ. ಒಳಗಿನ ಹಿತ್ತಾಳೆಯ ಹಲ್ಲುಗಳ ಮೇಲೆ ಬಿಳಿ ಬಿಳಿ ಏನೋ ಗಟ್ಟಿಯಾಗಿ ಕುಳಿತಿತ್ತು.

ಅವಳ ಅಪ್ಪ ಬುಡ್ಡೇಸಾಬ ಬೆಟಗೇರಿಯ ಮಗ್ಗಗಳನ್ನು ರಿಪೇರಿ ಮಾಡುತ್ತಿದ್ದ. ಅಮಾವಾಸ್ಯೆಗೆ ನೇಕಾರರು ಮಗ್ಗ ನಿಲ್ಲಿಸಿ, ಒರೆಸಿ, ನೀರಿನಲ್ಲಿ ಕಲಸಿದ ವಿಭೂತಿ ಬಳಿಯುತ್ತಿದ್ದರು. ಅವತ್ತು ಮಗ್ಗಕ್ಕೆ ಯಾರೂ ಕೈ ಹಚ್ಚುವಂತಿಲ್ಲ. ಮರುದಿನ ಅಪ್ಪ ಹೋದಾಗ ತಿರುಪಿನ ತಲೆಯ ಗೆರೆಯಲ್ಲಿ ವಿಭೂತಿ ಸುಣ್ಣದಂತೆ ಗಟ್ಟಿಯಾಗಿರುತ್ತಿತ್ತು. ಅದನ್ನು ಸೂಜಿಯಿಂದ ಕೆದರಿ ತೆಗೆಯುವ ಕೆಲಸ ದಿಲಶಾದಳದು. ತೆಗೆಯದೆ ತಿರುಪು ತಿರುಗುತ್ತಿರಲಿಲ್ಲ. ತಿರುಗಿದ ತಿರುಪಿನಲ್ಲಿ ವಿಭೂತಿ ಹಾಗೆ ಉಳಿಯುತ್ತಲೂ ಇರಲಿಲ್ಲ.

"ಜಾವೀದ, ಈ ಬಾಜೂದ ವೈರ್ ಕೀಳು."

ಕಿತ್ತ. ಆ ತೂತಿನ ಒಳಗು ಲಕಲಕ ಹೊಳೆಯುತ್ತಿತ್ತು. ವಿಭೂತಿಯ ಗೆರೆ ಹಾದದ್ದು ವೈರಿನ ಮೂತಿಯ ಬೆನ್ನಮೇಲೆ.

"ವೈರ್ ಇದ್ದಾಗ ಒಳಗ ವಿಭೂತಿ ಹೋಗತೈತೇನು?"

"ಹೆಂಗ ಹೋಗತೈತ್ರಿ? ಮೂತಿ ಬಿರಡಿ ಹಾಕಿದಂಗ ಕುಂತಿರತೈತಿ."

"ಅಂದ್ರ ವಿಭೂತಿ ಹಚ್ಚುವಾಗ ಹಳದಿ ವೈರ್ ಇಲ್ಲೆ ಇರಲಿಲ್ಲ. ಅಮಾಸಿ ಯಾವತ್ತಿತ್ತು ಮುದಕಪ್ಪ?"

"ಸೋಮವಾರ್ರಿ. ನಮ್ಮ ಮನ್ಯಾಗ ಹೋಳಿಗಿ ಮಾಡಿದ್ರು, ನೀವ ನಂಗ ರಜಾ ಕೊಡಲಿಲ್ಲ."

"ಇವ ಅಪ್‌ಡೇಟ್ ಹಾಕಿದ್ದು?"

"ಬುಧವಾರ..." ಮುದಕಪ್ಪನ ಬಾಯಿ ತೆರೆದೇ ಉಳಿಯಿತು. "ಅಂದ್ರ ಇವ ಬರೂಕಿಂತ ಮೊದಲ..."

"ಗೋಡಿ ಬಿದ್ದಿತ್ತು. ಇವ ಬಿದ್ದ ಗೋಡಿಗೆ ಸುಣ್ಣಾ ಬಳದ ಹೋದ."

ಜಾವೀದ ಈಗ ಮಣಿಕಟ್ಟು ಉಜ್ಜಿಕೊಂಡ. ಮುದಕಪ್ಪ ಬೇಡಿಯನ್ನು ಎಲ್ಲಿಡಬೇಕೆಂದು ತಿಳಿಯದೆ ಒಲೆಯ ಕಟ್ಟೆಯ ಮೇಲಿಟ್ಟ.

ದಿಲಶಾದಬಿಗೆ ಹಗುರವಾಗಲಿಲ್ಲ. ಮಷೀನು ಬಿಡುಗಡೆಯಾಗಿತ್ತು. ಉಳಿದದ್ದು ಮನುಷ್ಯರು. ಈ ಕಪಾಟಿಗೆ ಇದ್ದದ್ದು ಒಂದೇ ಕೀಲಿ, ಲಕ್ಷ್ಮೇಶ್ವರದ ಹೊಸ ಮನೆ ಗೊತ್ತಿದ್ದದ್ದು ಇಬ್ಬರಿಗೆ. ಒಬ್ಬಳು ಅವಳು. ಇನ್ನೊಬ್ಬಳ ಸೊಂಟದಲ್ಲಿ ಇವತ್ತಿನ ತನಕ ಇದ್ದದ್ದು ಆ ಕೀಲಿ.

*

ಸಿದ್ದಲಿಂಗವ್ವ ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಬಟ್ಟೆ ಮಡಚುತ್ತಿದ್ದಳು. ನೀಲಿ ಚೂಡಿದಾರ, ಒಂದು ಬುರ್ಖಾ, ಎರಡು ಓಢಣಿ. ಮಡಚಿದ್ದನ್ನು ಮತ್ತೆ ಬಿಚ್ಚಿ, ಅಂಚಿಗೆ ಅಂಚು ಕೂಡಿಸಿ ಮತ್ತೆ ಮಡಚುತ್ತಿದ್ದಳು.

"ಸಬೀನಾನ ಬಟ್ಟಿ," ಎಂದಳು, ಕೇಳುವ ಮೊದಲೇ. "ಆಕಿ ತವರಮನಿಯವ್ರು ಬರಾಕತ್ತಾರಂತ. ಮುದ್ದಿ ಮಾಡಿ ಕೊಡಾಕ ಬರೂದಿಲ್ಲಲ್ಲ. ಕುಂಡ್ರು ದಿಲಶಾದ. ಊಟಾ ಮಾಡಿಯಿಲ್ಲೋ?"

ಕುಡುಕ ಗಂಡಂದಿರು, ಹೊಡೆಯುವ ಮಾವಂದಿರು, ರಾಜಿ ಮಾಡಿಸಲು ಬರುವ ಹಿರಿಯರು, ಇವರೆಲ್ಲರ ಎದುರು ಬಾಗಿಲಿಗೆ ಅಡ್ಡ ನಿಂತು ಕೂದಲು ಬಿಳಿ ಮಾಡಿಕೊಂಡ ಹೆಂಗಸು. ದಿಲಶಾದ ಪೊಲೀಸ್ ಪರೀಕ್ಷೆಗೆ ಕೂತಾಗ ಬೆಟಗೇರಿಯಲ್ಲಿ ನಗದೆ ಉಳಿದವರಲ್ಲಿ ಒಬ್ಬಳು. ಅವಳನ್ನು ಪ್ರಶ್ನೆ ಕೇಳುವುದು ಸ್ವಂತ ಸೋದರತ್ತೆಯ ಟ್ರಂಕು ತೆಗೆದು ನೋಡಿದಂತೆ.

ದಿಲಶಾದಬಿ ಚಾಪೆಯ ಮೇಲೆ ಕೂತಳು.

"ಅಕ್ಕಾರ, ಅಮಾಸಿ ಪೂಜಾ ಯಾರು ಮಾಡಿದ್ರಿ?"

"ಯಾರು ಮಾಡತಾರ? ನಾನ. ಕಂಪ್ಯೂಟರಿಗೆ, ಹೊಲಿಗಿ ಮಷೀನಿಗೆ, ಗಾಡಿಗೆ."

"ಕಪಾಟಿನ್ಯಾಗಿನ ಪೆಟ್ಟಿಗಿಗೆ?"

"ಅದಕ್ಕ ಎಲ್ಲಾದಕ್ಕಿಂತ ಮೊದಲ. ಹುಡುಗ್ಯಾರನ್ನ ಕಾಯೂದು ಅದ ಅಲ್ಲೇನು."

"ಅವತ್ತು ಅದರ ಒಂದು ತೂತು ಖಾಲಿ ಇತ್ತು. ನಿಮ್ಮ ಬೆರಳು ಅದರ ಮ್ಯಾಲೆ ಹಾದೈತಿ. ವಿಭೂತಿ ಒಳಗ ಇಳದೈತಿ."

ಓಢಣಿಯ ಅಂಚು ಅಂಚಿಗೆ ಕೂಡಲಿಲ್ಲ.

"ವೈರ್ ಯಾರು ಕಿತ್ತರು ಅಕ್ಕಾರ?"

ಬೀದಿಯಲ್ಲಿ ಯಾರೋ ಹಳೆ ಪೇಪರು ಕೇಳುತ್ತ ಹೋದರು. ಸಿದ್ದಲಿಂಗವ್ವ ಓಢಣಿಯನ್ನು ಬಿಚ್ಚಿ ಮತ್ತೆ ಹಾಸಿದಳು.

"ನಾನ," ಎಂದಳು.

ಗೋಡೆಗೆ ಒರಗಿದ್ದ ಮುದಕಪ್ಪ ನೆಟ್ಟಗೆ ನಿಂತ.

"ಹೇಳ್ರಿ."

"ಸುಶ್ಮಿತಾನ ಅವ್ವಗ ಲಕ್ವಾ ಹೊಡದೈತಿ ಅಂತ ಫೋನ್ ಬಂತು. ಆಕಿ ಅತ್ತಿಗಿ ಮಾಡಿದ್ಲು, ಬಾಳೆಹೊಸೂರಿನಿಂದ. ಮನ್ಯಾಗ ಗಂಡಸರು ಇಲ್ಲದ ಹೊತ್ತು ನೋಡಿ, ಸಣ್ಣ ದನಿಲೆ. ಮುದಕಿ ಇನ್ನ ಬಾಳ ದಿನ ಇಲ್ರಿ, ಮಗಳ ಮಾರಿ ಒಂದ ಸಲ ತೋರಸ್ರಿ ಅಂದ್ಲು. ಹುಡುಗಿಗೆ ಹೇಳಿದೆ. ಅನ್ನಾ ಬಿಟ್ಟಳು."

"ನಿಮ್ಮ ಫೋನಿನ್ಯಾಗ..."

"ನಂದು ಗುಂಡಿ ಒತ್ತೂ ಫೋನು. ಮಾರಿ ಕಾಣೂದಿಲ್ಲ. ಕಂಪ್ಯೂಟರಿನ್ಯಾಗ ವಿಡಿಯೋ ಕಾಲ್ ಹಚ್ಚಿದರ ಆ ಪೆಟ್ಟಿಗಿ ಬಿಡಲಿಲ್ಲ. ಬಿಡಸಾಕ ಸಂಸ್ಥೆ ಸೆಕ್ರೆಟರಿ ಸಾಹೇಬ್ರ ಪರವಾನಗಿ ಬೇಕಂತ. ಕೇಳಿದೆ. ಕಾನೂನಿನ್ಯಾಗ ಇಲ್ಲ ಅಂದ್ರು." ಅವಳು ಓಢಣಿಯನ್ನು ತೊಡೆಯ ಮೇಲೆ ಎಳೆದುಕೊಂಡಳು. "ವೈರ್ ಕಿತ್ತೆ. ವಕೀಲರ ಭೇಟಿ ಅಂತ ಹೇಳಿ ಹುಡುಗಿನ್ನ ಇಲ್ಲಿಗೆ ಕರಸಿದೆ. ತೋರಸಿದೆ. ಅಮಾಸಿ ದಿನ ಮಧ್ಯಾಹ್ನ ಮತ್ತೊಂದ ಸಲ ತೋರಸಿದೆ. ಮೂರನೇ ಸಲ ಇನ್ನೂ ಬಾಕಿ ಇತ್ತು, ಆಮ್ಯಾಲೆ ಹಾಕಿದ್ರಾತು ಅಂತ ವೈರ್ ಹಂಗ ಬಿಟ್ಟೆ."

"ಸಬೀನಾ ಸಿಕ್ಕ ಮ್ಯಾಲೂ ಹೇಳಲಿಲ್ಲ."

"ನೀವ ಅಪ್‌ಡೇಟ್ ಅಂದ್ರಿ. ನಿಮ್ಮ ಸಾಹೇಬ್ರು ಅಂದ್ರು, ಪೇಪರಿನವ್ರು ಬರದ್ರು. ನಾ ನಂಬಿದೆ, ತಂಗಿ. ನಂಬಾಕ ಬಾಳ ಹಗರ ಇತ್ತು." ಅವಳು ಬುರ್ಖಾ ಎಳೆದು ಮಡಚಲು ತೊಡಗಿದಳು. "ಆ ಹುಡುಗ ಜೇಲಿನ್ಯಾಗ ಕುಂತಾನ ಅಂತ ಗೊತ್ತಿದ್ದೂ ನಂಬಿದೆ. ಒಬ್ಬಾಕಿಗೆ ಅವ್ವನ್ನ ತೋರಸಾಕ ಹೋಗಿ ಒಬ್ಬಾಕಿನ್ನ ಕ್ವಾರಿಗೆ ಕೊಟ್ಟೆ. ಅದನ್ನ ನಂಬೂದಕ್ಕಿಂತ ಇದು ಹಗರ ಇತ್ತು."

ಇಂಥವಳನ್ನು ಸಂಶಯಿಸಿದ ನಾಚಿಕೆಯ ಜೊತೆಗೆ ಒಂದು ನೆಮ್ಮದಿಯೂ ದಿಲಶಾದಬಿಯಲ್ಲಿ ಮೆಲ್ಲಗೆ ತಲೆ ಎತ್ತುತ್ತಿತ್ತು. ಮೋಸಗಾರರು ಯಾರೂ ಇಲ್ಲ. ಒಂದು ಮೆತ್ತನೆಯ ಮನಸ್ಸು, ಒಂದು ಕಿತ್ತ ವೈರು, ಆ ಸಂದಿನಲ್ಲಿ ಹೊಕ್ಕ ಕಳ್ಳರು. ಸಂದಿ ಮುಚ್ಚಿದರಾಯಿತು. ಲಕ್ಷ್ಮೇಶ್ವರದ ಹೊಸ ಮನೆ ಗಟ್ಟಿ.

"ಜಾವೀದ," ಎಂದು ಒಳಗೆ ಕೂಗಿದಳು. "ಹಳದಿ ವೈರ್ ಅದರ ಜಾಗಾಕ್ಕ ಹಾಕು. ತೂತು ಕೆದರಿ ಹಾಕು."

ಏಳಲು ಹೊರಟವಳು ಹಾಗೆಯೇ ನಿಂತಳು.

"ಅಕ್ಕಾರ, ಕಪಾಟಿನ್ಯಾಗ ವೈರ್ ಒಂದ ಗಂಟು ಅದಾವು. ಯಾವದು ಕೀಳಬೇಕಂತ ನಿಮಗ ಹೆಂಗ ತಿಳೀತು?"

"ಆಕೀನ ಹೇಳಿದ್ಲಲ್ಲ."

"ಯಾರು?"

"ಅತ್ತಿಗಿ. ಪೆಟ್ಟಿಗಿ ಬಿಡವಲ್ದು ಅಂತ ಫೋನಿನ್ಯಾಗ ಅಂದೆ. ಮ್ಯಾಲಿನ ಅರಿಯಾಗಿಂದ ಹಳದಿ ವೈರ್ ಕಿತ್ತು ಕೆಳಗಿನ ಪೆಟ್ಟಿಗಿಗೆ ಚುಚ್ಚರಿ, ಬರತೈತಿ ಅಂದ್ಲು. ಬಂತು."

ದಿಲಶಾದಬಿ ಮತ್ತೆ ಕೂತಳು.

"ಬಾಳೆಹೊಸೂರಿನ ಒಬ್ಬ ಹೆಣ್ಣಮಗಳು ಬೆಟಗೇರಿ ಕಪಾಟಿನೊಳಗಿನ ವೈರಿನ ಬಣ್ಣಾ ಹೇಳಿದ್ಲು. ನಿಮಗ ಏನೂ ಅನಸಲಿಲ್ಲ?"

ಸಿದ್ದಲಿಂಗವ್ವ ಬಟ್ಟೆ ಕೆಳಗಿಟ್ಟಳು. "ಹುಡುಗಿ ಬಾಜೂಕ ಕುಂತು ಅಳತಿತ್ತು," ಎಂದಳು. "ನಂಗ ಅದೊಂದ ಕೇಳಸ್ತಿತ್ತು."

"ತೆರಿ ಮ್ಯಾಲೆ ಯಾರನ್ನ ನೋಡಿದ್ರಿ? ಅತ್ತಿಗಿನ್ನ ನೋಡಿದ್ರ್ಯಾ?"

"ಆಕಿ ಫೋನ್ ಹಿಡಕೊಂಡಿದ್ಲು, ಕಾಣಲಿಲ್ಲ. ಮುದಕಿ ಒಬ್ಬಾಕೀನ. ಹಾಸಿಗಿ ಮ್ಯಾಲೆ. ಮಾತು ಹೋಗೈತಿ ಪಾಪ, ಕಣ್ಣಾಗ ನೀರು ಇಳೀತಿದ್ವು. ಸುಶ್ಮಿತಾ ಅವ್ವಾ ಅವ್ವಾ ಅಂತ ತೆರಿ ಸವರತಿದ್ಲು."

"ಎರಡನೇ ಸಲಾನೂ ಹಂಗ?"

"ಹಂಗ. ನಂಗ ಎರಡೂ ಸಲ ಸಿಟ್ಟು ಬಂತು. ಹುಬ್ಬಿನ ಮ್ಯಾಲೆ ಒಂದು ನೊಣಾ ಕುಂತಿತ್ತು. ಎಡಗಣ್ಣಿನ ಹುಬ್ಬು. ಸೀರಿ ಸೆರಗಲೆ ಹೊಡಿಬಾರದ ಆಕಿ? ನಡದು ಮೂಗಿನ ತನಕಾ ಬಂತು, ಆಮ್ಯಾಲೆ ಹಾರಿತು."

"ಎರಡೂ ಸಲ?"

"ಎರಡೂ..."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಎರಡು ದಿನ, ಒಂದೇ ನೊಣ, ಒಂದೇ ಹುಬ್ಬು, ಅದೇ ನಡಿಗೆ. ನೊಣಗಳಿಗೆ ಅಷ್ಟು ಶಿಸ್ತು ಇರುವುದಿಲ್ಲ. ಅದು ಮೊದಲೇ ತೆಗೆದಿಟ್ಟ ವಿಡಿಯೋ. ಎರಡೂ ಸಲ ಅದನ್ನೇ ಓಡಿಸಿದ್ದರು.

ದಿಲಶಾದಬಿ ಲಕ್ಷ್ಮೇಶ್ವರ ಠಾಣೆಯ ಹೊಳೆಯಪ್ಪನಿಗೆ ಫೋನು ಹಚ್ಚಿದಳು. ಬಾಳೆಹೊಸೂರ ಅವನ ಬೀಟು.

"ಹೊಳೆಯಪ್ಪ, ಸುಶ್ಮಿತಾನ ಅವ್ವ, ಕಳಕವ್ವ ಅಂತ. ಹೆಂಗದಾಳ ಈಗ?"

"ಯಾವ ಕಳಕವ್ವ ರಿ, ಮಠದ ಹಿಂದಿನ ಮನಿಯಾಕೀನ?" ಹೊಳೆಯಪ್ಪ ಏನೋ ಅಗಿಯುತ್ತಿದ್ದ. "ಆಕಿ ಹೋಗಿ ತಿಂಗಳ ಮ್ಯಾಲಾತಲ್ರಿ ಮೇಡಂ. ನಾನ ಮಣ್ಣಿಗೆ ಹೋಗಿದ್ದೆ."

"ಯಾರೂ ನಮಗ ತಿಳಸಲಿಲ್ಲ?"

"ಆಕಿ ಮಗಳು ಎಲ್ಲಿ ಅದಾಳ, ಯಾರ ಕಡೆ ಅದಾಳ ಅಂತ ನಮಗ್ಯಾರು ಹೇಳ್ಯಾರ್ರಿ ತಿಳಸಾಕ? ಗುಪ್ತ ಅಂದ್ರಿ. ನಾವು ಗಪ್ಪ ಕುಂತ್ವಿ."

ಅವಳು ಫೋನು ಇಳಿಸಿದಳು. ಗುಟ್ಟು ಎಷ್ಟು ಗಟ್ಟಿಯಾಗಿತ್ತೆಂದರೆ ಸಾವಿನ ಸುದ್ದಿಗೂ ಒಳಗೆ ಬರಲು ದಾರಿ ಸಿಕ್ಕಿರಲಿಲ್ಲ. ಸಾವಿಗೆ ಮಾತ್ರ ಸಿಕ್ಕಿತ್ತು.

"ಮುದಕಿ ಸತ್ತು ತಿಂಗಳಾಗೇತಿ ಅಕ್ಕಾರ. ಬದುಕಿದ್ದಾಗ ಯಾರೋ ತಗದ ವಿಡಿಯೋ ಅದು."

ಸಿದ್ದಲಿಂಗವ್ವ ಸಬೀನಾಳ ಬಟ್ಟೆಯ ಗಂಟನ್ನು ಎದೆಗೆ ಅವಚಿಕೊಂಡಳು. ಮೋರೆಯ ಬಣ್ಣ ಇಳಿಯುವುದನ್ನು ದಿಲಶಾದಬಿ ಪೋಸ್ಟ್‌ಮಾರ್ಟಮ್ ಕೋಣೆಯ ಹೊರಗೆ ನಿಂತ ಬಂಧುಗಳಲ್ಲಿ ನೋಡಿದ್ದಳು. ಇಷ್ಟು ಬೇಗ ಇಳಿದದ್ದನ್ನು ನೋಡಿರಲಿಲ್ಲ.

"ಅಕ್ಕಾರ. ಮೂರನೇ ಸಲ ಬಾಕಿ ಇತ್ತು ಅಂದ್ರಿ."

ಸಿದ್ದಲಿಂಗವ್ವ ಗಂಟಿನೊಳಗೆ ಮೋರೆ ಇಟ್ಟಳು.

"ಮೂರನೇ ಫೋನ್ ಬಂತೇನು?"

"ಮುಂಜಾನೆ," ಎಂದಳು ಸಿದ್ದಲಿಂಗವ್ವ. "ಮುದಕಿನ್ನ ಶಿರಹಟ್ಟಿ ದವಾಖಾನಿಗೆ ಹಾಕೇವಿ, ಇವತ್ತ ದಾಟೂದಿಲ್ಲ ಅಂದ್ಲು. ಇಲ್ಲೆ ನೀವೆಲ್ಲಾ ಕಂಪ್ಯೂಟರ್ ಮುಂದ ಕುಂತಿದ್ರಿ, ಇಲ್ಲಿಂದ ತೋರಸಾಕ ಹಾದಿ ಇರಲಿಲ್ಲ. ಹುಡುಗಿಗೆ ಫೋನ್ ಮಾಡಿ ಹೇಳಿದೆ. ಬುರ್ಖಾ ಹಾಕ್ಕೊಂಡು ಹೋಗು, ಸಂಜಿಕ ಹೊಳ್ಳಿ ಬಾ ಅಂದೆ."

"ಲಕ್ಷ್ಮೇಶ್ವರದಿಂದ?"

"ಶಿರಹಟ್ಟಿ ಬಸ್ಸಿಗೆ. ಒಬ್ಬಾಕೀನ. ಜೋಡಿ ಯಾರನ್ನರ ಕಳಸಿದ್ರ ಗುರ್ತು ಹಿಡಿತಾರಂತ..."

ಮುದಕಪ್ಪ ಆಗಲೇ ಜೀಪಿನ ಕಡೆ ಓಡಿದ್ದ. ಲಕ್ಷ್ಮೇಶ್ವರದಿಂದ ಶಿರಹಟ್ಟಿಗೆ ಬಸ್ಸು ಎಷ್ಟು ನಿಧಾನ ಹೋದರೂ ಬೆಳಗ್ಗೆ ಬಿಟ್ಟದ್ದು ಮಧ್ಯಾಹ್ನದ ತನಕ ದಾರಿಯಲ್ಲಿರುವುದಿಲ್ಲ, ಈಗ ಮಧ್ಯಾಹ್ನ ದಾಟಿತ್ತು.

ದಿಲಶಾದಬಿ ಶಿರಹಟ್ಟಿ ಠಾಣೆಗೆ ಹಚ್ಚಿದಳು. ಬಿಜಿ. ದವಾಖಾನೆಗೆ ಹಚ್ಚಿದಳು. ಕಳಕವ್ವ ಎಂಬ ಹೆಸರಿನವರು ಯಾರೂ ಇಲ್ಲಿಲ್ಲ, ನಿನ್ನೆಯೂ ಇರಲಿಲ್ಲ. ಮತ್ತೆ ಠಾಣೆಗೆ ಹಚ್ಚಲು ಬೆರಳು ಇಡುವಷ್ಟರಲ್ಲಿ ಫೋನು ತಾನೇ ಬಡಿದುಕೊಂಡಿತು. ಗುರುತಿಲ್ಲದ ನಂಬರು.

"ಮೇಡಂ, ನಾನ್ರಿ. ಸುಶ್ಮಿತಾ."

ದನಿ ಸಮತಟ್ಟಾಗಿತ್ತು. ಅಳು ಇರಲಿಲ್ಲ, ಅವಸರ ಇರಲಿಲ್ಲ. ಬರೆದದ್ದನ್ನು ಓದುವವರ ದನಿಯೂ ಅಲ್ಲ, ಬಾಯಿಪಾಠ ಮಾಡಿದವರದು.

"ಎಲ್ಲಿದ್ದೀ ತಂಗಿ? ಬಾಜೂಕ ಯಾರದಾರ? ಹೌದು ಇಲ್ಲ ಅಂತ ಅಷ್ಟ ಹೇಳು."

"ನನ್ನ ಹುಡುಕಬ್ಯಾಡ್ರಿ. ನಾ ಚೊಲೊ ಅದೀನಿ. ಸೋಮವಾರ ನಾನ ಕೋರ್ಟಿಗೆ ಬರತೀನಿ."

"ಸುಶ್ಮಿತಾ, ಕೇಳಿಲ್ಲೆ..."

"ಬಂದು ಖರೇನ ಹೇಳತೀನ್ರಿ. ಗೋದಾಮಿನ ಬಾಗಲಾ ಯಾರೂ ಹಾಕಿದ್ದಿಲ್ಲ. ತಗದ ಇತ್ತು. ನಾವ ಹೊರಗ ಬರಲಿಲ್ಲ."

ದಿಲಶಾದಬಿ ಚಾಪೆಯ ಅಂಚನ್ನು ಮುಷ್ಟಿಯಲ್ಲಿ ಹಿಡಿದಳು.

"ಹಂಗ ಹೇಳು ಅಂತ ನಿನಗ ಯಾರು ಹೇಳಿದ್ರು?"

ಆ ಕಡೆ ಒಂದು ಬಾಗಿಲು ಮುಚ್ಚಿದ ಸದ್ದಾಯಿತು. ಆಮೇಲೆ ಸುಶ್ಮಿತಾಳ ದನಿ ಮೊದಲ ಸಲ ಮೆತ್ತಗಾಯಿತು, ಎಳೆಗೂಸಿನ ದನಿಯಂತೆ.

"ಅವ್ವ ಹೇಳಿದ್ಲು ರಿ. ಇಲ್ಲೆ ನನ್ನ ತಲಿ ಮ್ಯಾಲೆ ಕೈ ಇಟ್ಟು ಕುಂತಾಳ."

ಆ ಕೈ ತಿಂಗಳ ಹಿಂದೆ ಮಣ್ಣಾದ ಕಳಕವ್ವನದಲ್ಲ, ಗೋದಾಮಿನ ಬಾಗಿಲು ಹಾಕಿದವರದು.